ಬೆಚ್ಚಿಬೀಳಿಸುವ ಲಿಂಕ್‌ಗಳಿಗೂ ದೂರಿನ ಫಾರಂನಲ್ಲಿ ಒಂದು ಕಲಂ ಕೊಡಿ

ಇವರಿಗೆ:
ಭಾರತದಲ್ಲಿ ವ್ಯವಹರಿಸುವ ಸಾಮಾಜಿಕ ಜಾಲತಾಣ ಮತ್ತು ಮೆಸೇಜಿಂಗ್ ಕಂಪನಿಗಳ ಕುಂದುಕೊರತೆ ಅಧಿಕಾರಿಗಳು

ವಿಷಯ: ಸುಳ್ಳು ಹೇಳಿ ತೆರೆಸಿ ಜನರನ್ನು ಬೆಚ್ಚಿಬೀಳಿಸುವ ಲಿಂಕ್‌ಗಳು ಹಾಗೂ ಬೆಚ್ಚಿದವರ ವಿಡಿಯೊಗಳ ಬಗ್ಗೆ

ಮಾನ್ಯರೇ,

ನಿಮ್ಮ ಹುದ್ದೆ ಇರುವುದೇ ನಮ್ಮಂಥವರ ದೂರು ಕೇಳುವುದಕ್ಕೆ. 2021ರಲ್ಲಿ ಕೇಂದ್ರ ಸರ್ಕಾರ ತಂದ ಮಾಹಿತಿ ತಂತ್ರಜ್ಞಾನ ನಿಯಮಗಳಿಂದಾಗಿ 50 ಲಕ್ಷಕ್ಕಿಂತ ಹೆಚ್ಚು ಬಳಕೆದಾರರಿರುವ ಪ್ರತಿ ಕಂಪನಿಯೂ ಈ ದೇಶದಲ್ಲೇ ವಾಸವಿರುವ ಒಬ್ಬ ಕುಂದುಕೊರತೆ ಅಧಿಕಾರಿಯನ್ನು ನೇಮಿಸಿಕೊಳ್ಳಬೇಕಾಯಿತು. ದೂರು ಬಂದ 24 ಗಂಟೆಯೊಳಗೆ ಸ್ವೀಕೃತಿ, 15 ದಿನದೊಳಗೆ ಇತ್ಯರ್ಥ ಎಂದು ಆಗ ನಿಯಮದಲ್ಲಿ ಬರೆದರು. ನಾನು ಕೊಟ್ಟ ದೂರಿಗೂ ಸ್ವೀಕೃತಿ ಬಂತು. ಇತ್ಯರ್ಥವೂ ಆಯಿತು, ಒಂದೇ ಸಾಲಿನಲ್ಲಿ: ಇದರಲ್ಲಿ ನಮ್ಮ ಮಾರ್ಗಸೂಚಿಯ ಉಲ್ಲಂಘನೆ ಕಂಡುಬಂದಿಲ್ಲ. ಆ ಉತ್ತರ ಕೊಟ್ಟ ಕಂಪನಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಬೇರೆ ಕಂಪನಿಗಳ ಫಾರಂಗಳನ್ನೂ ತೆರೆದು ನೋಡಿದೆ, ನನ್ನ ದೂರಿಗೆ ಹೊಂದುವ ಕಲಂ ನನಗೆ ಎಲ್ಲೂ ಸಿಗಲಿಲ್ಲ. ಆದ್ದರಿಂದ ಈ ಪತ್ರ ನಿಮ್ಮೆಲ್ಲರಿಗೂ ಸೇರಿದ್ದು.

ಈ ಪತ್ರದ ದೂರು ಇಷ್ಟು. ಒಂದು ಲಿಂಕ್ ಬರುತ್ತದೆ. ಒಗಟೋ, ದೇವರ ಫೋಟೊವೋ, ಚಂದದ ಊರಿನ ವಿಡಿಯೊವೋ ಎಂದು ಬರೆದಿರುತ್ತದೆ. ಸೌಂಡ್ ಜೋರು ಮಾಡಿಕೊಳ್ಳಿ, ಸ್ಕ್ರೀನ್ ಹತ್ತಿರ ಹಿಡಿದುಕೊಂಡು ನೋಡಿ ಎಂಬ ಸೂಚನೆಯೂ ಜೊತೆಗಿರುತ್ತದೆ. ನಂಬಿ ತೆರೆದವರು ಕಣ್ಣು ನೆಟ್ಟು ಕಾಯುತ್ತಿರುವಾಗ ಪರದೆ ತುಂಬ ವಿಕಾರವಾದ ಮುಖ ಬರುತ್ತದೆ, ಕಿವಿ ಹರಿಯುವಂಥ ಕಿರುಚಾಟ ಕೇಳುತ್ತದೆ. ಬೆಚ್ಚಿಬಿದ್ದವರನ್ನು ನೋಡಿ ಕಳಿಸಿದವರು ನಗುತ್ತಾರೆ. ಕೆಲವರು ಪಕ್ಕದಲ್ಲೇ ನಿಂತು ಅದನ್ನು ಇನ್ನೊಂದು ಫೋನಿನಲ್ಲಿ ಸೆರೆಹಿಡಿದು ಊರಿಗೆಲ್ಲ ಹಂಚುತ್ತಾರೆ.

ಇದು ಹೊಸದಲ್ಲ. 2003ರಲ್ಲಿ ಅಮೆರಿಕದ ಜೆರೆಮಿ ವಿಂಟರ್‌ರೌಡ್ ಎಂಬವರು ಮಾಡಿದ ಮೇಜ್ ಆಟ ಈ ಬಗೆಯ ಹಳೆಯ ಲಿಂಕ್‌ಗಳಲ್ಲಿ ಹೆಸರಾದದ್ದು. ಒಂದು ಚುಕ್ಕೆಯನ್ನು ಗೋಡೆಗೆ ತಾಗಿಸದೆ ಕಿರಿದಾದ ದಾರಿಯಲ್ಲಿ ಸಾಗಿಸಬೇಕು. ಹಂತ ದಾಟಿದಂತೆ ದಾರಿ ಇನ್ನಷ್ಟು ಸಣ್ಣದಾಗುತ್ತದೆ, ಆಡುವವರು ಉಸಿರು ಬಿಗಿಹಿಡಿದು ಪರದೆಯತ್ತ ಬಾಗುತ್ತಾರೆ. ಆಗ 1973ರ ದಿ ಎಕ್ಸಾರ್ಸಿಸ್ಟ್ ಚಿತ್ರದ ದೆವ್ವ ಹಿಡಿದ ಹುಡುಗಿಯ ಮುಖ ಚೀರಾಟದೊಂದಿಗೆ ಎದುರಾಗುತ್ತದೆ. ಆ ಆಟಕ್ಕೆ ಗೆಲುವೇ ಇಲ್ಲ. ಆಡುವವರ ಮುಖವನ್ನು ಪರದೆಯ ಹತ್ತಿರ ತರುವುದಕ್ಕಾಗಿಯೇ ಅಷ್ಟೂ ಹಂತಗಳನ್ನು ಕಟ್ಟಲಾಗಿದೆ. 2004ರಲ್ಲಿ ಜರ್ಮನಿಯ ಕೆ-ಫೀ ಎಂಬ ಕಾಫಿ ಪಾನೀಯದ ಜಾಹೀರಾತುಗಳು ಬಂದವು. ಹಸಿರು ಗುಡ್ಡಗಳ ನಡುವೆ ಕಾರೊಂದು ನಿಧಾನವಾಗಿ ತಿರುವು ದಾಟುತ್ತಿರುತ್ತದೆ, ಹಿತವಾದ ಸಂಗೀತ ಕೇಳುತ್ತಿರುತ್ತದೆ, ಥಟ್ಟನೆ ಪ್ರೇತದ ವೇಷದವನೊಬ್ಬ ಅರಚುತ್ತಾ ಮೇಲೇಳುತ್ತಾನೆ. ಕಾಫಿ ಮಾರಲು ಮಾಡಿದ ಆ ಜಾಹೀರಾತನ್ನು ಜನ ಕಾಫಿಯ ಹೆಸರು ತೆಗೆದುಹಾಕಿ, ಕಾರಿನ ಹಿಂದೆ ನಿಜವಾದ ದೆವ್ವ ಕಾಣುತ್ತದೆ ಎಂದು ಬರೆದು ವರ್ಷಗಟ್ಟಲೆ ಒಬ್ಬರಿಗೊಬ್ಬರು ಕಳಿಸಿಕೊಂಡರು.

ಈಗ ನಮ್ಮ ಜಿಲ್ಲೆಯ ಗ್ರೂಪುಗಳಲ್ಲಿ ಓಡಾಡುವುದು ಇವುಗಳದೇ ಸಂತಾನ. ಮಾತು ಮಾತ್ರ ಕನ್ನಡದ್ದು. ಕಾಡಿನ ಚಿತ್ರದಲ್ಲಿ ಎಷ್ಟು ಹುಲಿಗಳಿವೆ ಎಣಿಸಿ ಎಂದೋ, ನಿಮ್ಮ ರಾಶಿಯ ಮೇಲೆ ಬೆರಳಿಡಿ ಎಂದೋ ಬರುತ್ತದೆ. ಲಿಂಕ್ ತೆರೆಯುವ ಮೊದಲು ಕಾಣುವ ಪುಟ್ಟ ಚಿತ್ರ ಮತ್ತು ತಲೆಬರಹ ಇರುತ್ತದಲ್ಲ, ಅದನ್ನು ಪುಟ ಮಾಡಿದವರೇ ತುಂಬಿರುತ್ತಾರೆ. ಒಳಗೆ ಏನೇ ಇರಲಿ, ಹೊರಗೆ ದಾಸವಾಳದ ಹೂವನ್ನು ಅಂಟಿಸಬಹುದು. ಅದನ್ನು ನಿಮ್ಮ ಆ್ಯಪ್ ಹಾಗೆಯೇ ಎತ್ತಿ ನಮ್ಮ ಮುಂದೆ ಇಡುತ್ತದೆ. ನೋಡುವವರಿಗೆ ಅದು ನಿಮ್ಮ ಕಂಪನಿಯೇ ಪರೀಕ್ಷಿಸಿ ತೋರಿಸಿದ ಚಿತ್ರದಂತೆ ಕಾಣುತ್ತದೆ.

ನನ್ನ ಅತ್ತೆ ನಂಬಿದ್ದು ಹಾಗೆಯೇ. ಅವರಿಗೆ ಎಪ್ಪತ್ತು ದಾಟಿದೆ. ಸಾಗರ ತಾಲ್ಲೂಕಿನ ನಮ್ಮ ಊರಿನಲ್ಲಿ ನೆಟ್‌ವರ್ಕ್ ಸಿಗುವುದು ಹೊರಜಗಲಿಯ ಒಂದು ತುದಿಯಲ್ಲಿ ಮಾತ್ರ. ಸಂಜೆ ದೀಪ ಹಚ್ಚಿ ಬಂದು ಅಲ್ಲಿ ಕೂತು, ಮೊಮ್ಮಕ್ಕಳು ಕಳಿಸಿದ್ದನ್ನೆಲ್ಲ ಒಂದೊಂದಾಗಿ ನೋಡುವುದು ಅವರಿಗೆ ರೂಢಿ. ಕನ್ನಡಕ ಹಾಕಿದರೂ ಸಣ್ಣಕ್ಷರ ಕಾಣದು, ಕಿವಿಯೂ ಸ್ವಲ್ಪ ಮಂದ. ಹಾಗಾಗಿ ಫೋನ್ ಮುಖಕ್ಕೆ ಹತ್ತಿರ, ಸೌಂಡ್ ಪೂರ್ತಿ. ಕುಟುಂಬದ ಗ್ರೂಪಿಗೆ ಬಂದ ಸಂದೇಶ ದೇವಿಯದಾಗಿತ್ತು. ಇಪ್ಪತ್ತು ಸೆಕೆಂಡ್ ರೆಪ್ಪೆ ಮಿಟುಕಿಸದೆ ನೋಡಿದರೆ ಅಮ್ಮನವರು ಕಣ್ಣು ಬಿಡುತ್ತಾರೆ ಎಂದು ಬರೆದಿತ್ತು. ಅರಿಶಿನದ ಅಲಂಕಾರ, ಹಿನ್ನೆಲೆಯಲ್ಲಿ ಸಣ್ಣಗೆ ಗಂಟೆಯ ಸದ್ದು. ಅತ್ತೆ ಫೋನಿಗೆ ಕೈಮುಗಿದೇ ನೋಡಲು ಕೂತರು. ನಾನು ಒಳಗೆ ಹಾಲು ಕಾಯಿಸುತ್ತಿದ್ದೆ. ಮೊದಲು ಕೇಳಿಸಿದ್ದು ಫೋನಿನ ಕಿರುಚಾಟ, ಆಮೇಲೆ ಅತ್ತೆಯದು. ಓಡಿಬಂದಾಗ ಅವರು ಜಗಲಿಯಿಂದ ಕೆಳಗಿನ ಮೆಟ್ಟಿಲಿಗೆ ಬಿದ್ದಿದ್ದರು. ಊರಿದ ಬಲಗೈ ಮಣಿಕಟ್ಟಿನ ಬಳಿ ವಾರೆಯಾಗಿತ್ತು. ಅಂಗಳದಲ್ಲಿ ಬಿದ್ದ ಫೋನ್ ಇನ್ನೂ ಅರಚುತ್ತಿತ್ತು.

ಎಲುಬು ಕೂಡಿತು, ಪ್ಲಾಸ್ಟರ್ ಬಿಚ್ಚಿದರು. ಕಳಿಸಿದ ಹುಡುಗ ನಮ್ಮವನೇ, ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಆಫೀಸಿನ ಗ್ರೂಪಿನಿಂದ ಬಂದದ್ದನ್ನು ಮುಂದಕ್ಕೆ ಕಳಿಸಿದ್ದ. ವಿಷಯ ತಿಳಿದ ರಾತ್ರಿಯೇ ಬಸ್ಸು ಹತ್ತಿ ಬಂದು ಅಜ್ಜಿಯ ಕಾಲು ಹಿಡಿದು ಅತ್ತ. ಅವನ ಮೇಲೆ ನನಗೆ ಸಿಟ್ಟಿಲ್ಲ, ಅತ್ತೆಗಂತೂ ಮೊದಲೇ ಇರಲಿಲ್ಲ. ಆದರೆ ಗ್ರೂಪಿನಲ್ಲಿ ಏನಾಯಿತು ನೋಡಿ. ಅತ್ತೆ ಬಿದ್ದ ಸುದ್ದಿ ತಲುಪುವ ಮೊದಲೇ ಆ ಲಿಂಕಿನ ಕೆಳಗೆ ನಗುವ ಮುಖಗಳ ಸಾಲು ಬಿದ್ದಿತ್ತು. ನನ್ನ ಎದೆ ಝಲ್ಲೆಂತು ಎಂದು ಬರೆದವರು ಇದ್ದರು, ಜೀವ ಬಾಯಿಗೆ ಬಂತು ಎಂದವರು ಇದ್ದರು, ಕೆಲಸಕ್ಕೆ ಬಾರದವನೇ ಎಂದು ಪ್ರೀತಿಯಿಂದ ಬೈದವರೂ ಇದ್ದರು. ಹೀಗೆ ಬೆಚ್ಚಿದವರಲ್ಲಿ ಮೂವರು ಆ ಲಿಂಕನ್ನು ಅಳಿಸುವ ಬದಲು ಬೇರೆ ಗ್ರೂಪಿಗೆ ಕಳಿಸಿದ್ದರು ಎಂದು ಆಮೇಲೆ ಗೊತ್ತಾಯಿತು.

ನನ್ನನ್ನು ಹೆಚ್ಚು ಕಾಡಿರುವುದು ಈ ಪ್ರತಿಕ್ರಿಯೆ. ಬೆಚ್ಚಿಬಿದ್ದವರಿಗೆ ಮೊದಲು ಆಗುವುದು ಅವಮಾನ. ಎಲ್ಲರ ಮುಂದೆ ಕೂಗಿಕೊಂಡೆನಲ್ಲ ಎನ್ನಿಸುತ್ತದೆ. ಅದನ್ನು ಕಳೆದುಕೊಳ್ಳುವ ಸುಲಭದ ದಾರಿ ಇನ್ನೊಬ್ಬರನ್ನು ಬೆಚ್ಚಿಸುವುದು. ಹಾಗಾಗಿ ಏಟು ತಿಂದವರೇ ಲಿಂಕಿಗೆ ಹೊಸ ಗಿರಾಕಿ ಹುಡುಕಿಕೊಡುತ್ತಾರೆ. ಹಾಸ್ಟೆಲುಗಳಲ್ಲಿ ರ್‍ಯಾಗಿಂಗ್ ಉಳಿದುಕೊಂಡಿದ್ದು ಹೀಗೆಯೇ. ನಮ್ಮ ಸೀನಿಯರ್‌ಗಳು ನಮಗೆ ಮಾಡಿದರು, ನಾವು ಜೂನಿಯರ್‌ಗಳಿಗೆ ಮಾಡುತ್ತೇವೆ, ಅದರಿಂದ ಸ್ನೇಹ ಬೆಳೆಯುತ್ತದೆ ಎನ್ನುತ್ತಿದ್ದರು. ವಿಶ್ವವಿದ್ಯಾಲಯ ಅನುದಾನ ಆಯೋಗ 2009ರಲ್ಲಿ ರ್‍ಯಾಗಿಂಗ್ ತಡೆಗೆ ನಿಯಮಾವಳಿ ತಂದಾಗಲೂ, ಹುಡುಗರ ತಮಾಷೆಗೆ ಇಷ್ಟೆಲ್ಲ ಬೇಕೇ ಎಂದವರಿದ್ದರು. ಇವತ್ತು ಆ ಮಾತನ್ನು ಯಾವ ಪ್ರಾಂಶುಪಾಲರೂ ಬಾಯಿ ಬಿಟ್ಟು ಹೇಳಲಾರರು.

ಮೈಯಲ್ಲಿ ಏನಾಗುತ್ತದೆ ಎಂಬುದನ್ನೂ ಹೇಳಬೇಕು, ಏಕೆಂದರೆ ಸ್ವಲ್ಪ ಗಟ್ಟಿ ಮನಸ್ಸು ಇಟ್ಟುಕೊಳ್ಳಬೇಕಪ್ಪ ಎಂಬ ಬುದ್ಧಿವಾದ ನನಗೂ ಬಂದಿದೆ. ಬೆಚ್ಚುವುದಕ್ಕೂ ಧೈರ್ಯಕ್ಕೂ ಸಂಬಂಧವಿಲ್ಲ. ಅನಿರೀಕ್ಷಿತವಾದ ಜೋರು ಶಬ್ದ ಕಿವಿಗೆ ಬಿದ್ದರೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಕಳೆಯುವಷ್ಟರಲ್ಲಿ ಕಣ್ಣು ಮುಚ್ಚತೊಡಗುತ್ತದೆ, ಹಿಂದೆಯೇ ಕತ್ತು ಭುಜಗಳು ಬಿಗಿಯುತ್ತವೆ. ಮಿದುಳಿನ ಕಾಂಡದಿಂದ ನೇರವಾಗಿ ಹೊರಡುವ ಆಜ್ಞೆ ಅದು, ಯೋಚನೆ ಹುಟ್ಟುವ ಮೊದಲೇ ಮೈ ಕೆಲಸ ಮಾಡಿ ಮುಗಿಸಿರುತ್ತದೆ. ಅದರ ಹಿಂದೆಯೇ ಅಡ್ರಿನಲಿನ್ ಏರುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಬಹುತೇಕರಿಗೆ ಕೆಲವೇ ನಿಮಿಷದಲ್ಲಿ ಎಲ್ಲ ಇಳಿಯುತ್ತದೆ.

ಎಲ್ಲರಿಗೂ ಇಳಿಯುವುದಿಲ್ಲ. ಲಾಂಗ್ ಕ್ಯೂಟಿ ಎಂಬ, ವಂಶದಲ್ಲಿ ಹರಿದುಬರುವ ಹೃದಯದ ತೊಂದರೆಯೊಂದಿದೆ. ಅದರ ಎರಡನೇ ಬಗೆ ಇರುವವರಿಗೆ ಅಲಾರಂ, ಫೋನಿನ ರಿಂಗ್‌ನಂಥ ಏಕಾಏಕಿ ಶಬ್ದವೇ ಹೃದಯದ ಬಡಿತ ಅಪಾಯಕಾರಿಯಾಗಿ ತಪ್ಪಲು ಕಾರಣವಾಗಬಲ್ಲದು. ಮಲಗುವ ಕೋಣೆಯಿಂದ ಅಲಾರಂ ಗಡಿಯಾರವನ್ನೇ ತೆಗೆದುಬಿಡಿ ಎಂದು ವೈದ್ಯರು ಅಂಥವರಿಗೆ ಹೇಳುತ್ತಾರೆ. 1990ರಲ್ಲಿ ಜಪಾನಿನ ವೈದ್ಯರು ವಿವರಿಸಿದ ಟಕೊತ್ಸುಬೊ ಎಂಬ ಇನ್ನೊಂದು ಸ್ಥಿತಿಯಲ್ಲಿ ದುಃಖ ಅಥವಾ ಭಯದ ಆಘಾತಕ್ಕೆ ಹೃದಯದ ಎಡಭಾಗ ತಾತ್ಕಾಲಿಕವಾಗಿ ಸೋತುಹೋಗುತ್ತದೆ. ನೋಡಿದವರಿಗೆ ಹೃದಯಾಘಾತವೇ ಆದಂತೆ ಕಾಣುತ್ತದೆ. ಇದು ಹೆಚ್ಚಾಗಿ ಕಾಣಿಸಿಕೊಳ್ಳುವುದು ಮುಟ್ಟು ನಿಂತ ವಯಸ್ಸಿನ ಹೆಂಗಸರಲ್ಲಿ. ಹಿಂದೆ ಅಪಘಾತವನ್ನೋ ಹಿಂಸೆಯನ್ನೋ ಕಂಡು ಮನಸ್ಸಿಗೆ ಗಾಯವಾದವರು ಉಳಿದವರಿಗಿಂತ ಬೇಗ, ಉಳಿದವರಿಗಿಂತ ಜೋರಾಗಿ ಬೆಚ್ಚುತ್ತಾರೆ. ಇವೆಲ್ಲ ಎಲ್ಲ ಮನೆಯಲ್ಲೂ ಇರುವ ಕಾಯಿಲೆಗಳಲ್ಲ, ನಿಜ. ಆದರೆ ಇನ್ನೂರು ಜನರಿರುವ ಗ್ರೂಪಿಗೆ ಲಿಂಕ್ ಹಾಕುವವನಿಗೆ ಯಾರ ಎದೆಯಲ್ಲಿ ಏನಿದೆ ಎಂದು ಗೊತ್ತಿರುವುದಿಲ್ಲ. ಬಸುರಿ ಯಾರು, ಏಣಿಯ ಮೇಲೆ ನಿಂತವರು ಯಾರು, ತೊಡೆಯ ಮೇಲೆ ಎಳೆಗೂಸು ಮಲಗಿಸಿಕೊಂಡವರು ಯಾರು ಎಂದೂ ಗೊತ್ತಿರುವುದಿಲ್ಲ. ಕಣ್ಣು ಕಾಣದವರು ಫೋನನ್ನು ಬಳಸುವುದು ಕಿವಿಯ ಮೂಲಕ. ಇಯರ್‌ಫೋನ್ ಹಾಕಿಕೊಂಡು ಪರದೆಯ ಓದನ್ನು ಕೇಳುತ್ತಿರುವವರ ಕಿವಿಯೊಳಗೇ ಆ ಚೀರಾಟ ಒಡೆದರೆ ಹೇಗಿರಬಹುದು ಯೋಚಿಸಿ.

ಮೂರ್ಛೆ ರೋಗದವರ ಪಾಡು ಇನ್ನೂ ಬೇರೆ. ಇಂಥ ಹಲವು ಲಿಂಕ್‌ಗಳಲ್ಲಿ ವಿಕಾರ ಮುಖದ ಜೊತೆಗೆ ಪರದೆ ಪಟಪಟನೆ ಕಪ್ಪು ಬಿಳುಪಾಗಿ ಮಿಂಚುತ್ತದೆ. ನಮ್ಮ ದೇಶದಲ್ಲಿ ಅಪಸ್ಮಾರ ಇರುವವರು ಒಂದು ಕೋಟಿಗೂ ಹೆಚ್ಚು ಎಂಬ ಅಂದಾಜಿದೆ. ಅವರಲ್ಲಿ ನೂರಕ್ಕೆ ಮೂವರಷ್ಟು ಮಂದಿಗೆ ಮಿಂಚುವ ಬೆಳಕೇ ಫಿಟ್ಸ್ ತರಿಸಬಲ್ಲದು. 1997ರ ಡಿಸೆಂಬರ್ 16ರಂದು ಜಪಾನಿನ ಟಿವಿಯಲ್ಲಿ ಪೋಕೆಮಾನ್ ಕಾರ್ಟೂನಿನ ಒಂದು ಕಂತು ಪ್ರಸಾರವಾದಾಗ ಕೆಂಪು ನೀಲಿ ಬೆಳಕಿನ ಮಿಂಚಿಗೆ ಸುಮಾರು 700 ಮಕ್ಕಳು ಆಸ್ಪತ್ರೆ ಸೇರಿದರು. ಅಲ್ಲಿ ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ. ಆದರೂ ಮರುವರ್ಷ ಏಪ್ರಿಲ್‌ನೊಳಗೆ ಅಲ್ಲಿನ ಪ್ರಸಾರ ಸಂಸ್ಥೆಗಳು ಮಿಂಚಿನ ದೃಶ್ಯಗಳಿಗೆ ಮಿತಿ ಹಾಕಿಕೊಂಡವು. ವೆಬ್ ಪುಟಗಳಿಗೂ ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಏನೂ ಮಿಂಚಬಾರದು ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ ಇದೆ, ನಿಮ್ಮ ಎಂಜಿನಿಯರುಗಳಿಗೆ ಅದು ಚೆನ್ನಾಗಿ ಗೊತ್ತು.

ಗೊತ್ತಿದ್ದೇ ನೋಯಿಸಿದ ಪ್ರಸಂಗಗಳೂ ಇವೆ. 2008ರ ಮಾರ್ಚಿನಲ್ಲಿ ಅಮೆರಿಕದ ಎಪಿಲೆಪ್ಸಿ ಫೌಂಡೇಶನ್‌ನ ಜಾಲತಾಣಕ್ಕೆ ನುಗ್ಗಿದ ಕಿಡಿಗೇಡಿಗಳು ಮಿಂಚುವ ಚಿತ್ರಗಳನ್ನು ತುಂಬಿದರು, ನೆರವು ಹುಡುಕಿಕೊಂಡು ಬಂದ ರೋಗಿಗಳೇ ಅದಕ್ಕೆ ತುತ್ತಾದರು. 2016ರ ಡಿಸೆಂಬರಿನಲ್ಲಿ ಅಪಸ್ಮಾರ ಇರುವ ಪತ್ರಕರ್ತ ಕರ್ಟ್ ಐಕನ್‌ವಾಲ್ಡ್ ಅವರಿಗೆ ಒಬ್ಬ ಬೇಕೆಂದೇ ಮಿಂಚುವ ಚಿತ್ರ ಕಳಿಸಿದ, ಅವರಿಗೆ ಫಿಟ್ಸ್ ಬಂತು. ಮರುವರ್ಷ ಅಮೆರಿಕದ ಎಫ್‌ಬಿಐ ಅವನನ್ನು ಬಂಧಿಸಿತು. ಬ್ರಿಟನ್ನಿನಲ್ಲಿ ಅಪಸ್ಮಾರ ಇದ್ದ ಝ್ಯಾಕ್ ಎಂಬ ಪುಟ್ಟ ಹುಡುಗ ಸಹಾಯಧನ ಸಂಗ್ರಹಕ್ಕೆಂದು ನಡೆಯುತ್ತಿದ್ದಾಗ ಅವನನ್ನು ಗುರಿಮಾಡಿ ಇಂಥವೇ ಚಿತ್ರಗಳು ಬಂದವು. ಅವನ ಹೆಸರಿನಿಂದಲೇ ಜನ ಕರೆಯುವ ಕಾನೂನು ಅಲ್ಲಿ 2023ರ ಆನ್‌ಲೈನ್ ಸುರಕ್ಷತಾ ಕಾಯ್ದೆಯೊಳಗೆ ಸೇರಿತು. ಅಪಸ್ಮಾರ ಇರುವವರಿಗೆ ಹಾನಿ ಮಾಡುವ ಉದ್ದೇಶದಿಂದ ಮಿಂಚುವ ಚಿತ್ರ ಕಳಿಸಿದವರಿಗೆ ಐದು ವರ್ಷದವರೆಗೆ ಜೈಲಾಗಬಹುದು.

ನಮ್ಮಲ್ಲಿ ಬೀದಿಗೊಂದು ನ್ಯಾಯ, ಫೋನಿಗೊಂದು ನ್ಯಾಯ ಆಗಿದೆ. 2019ರ ನವೆಂಬರಿನಲ್ಲಿ ಬೆಂಗಳೂರಿನ ಯಶವಂತಪುರದ ಕಡೆ ರಾತ್ರಿ ಹೊತ್ತು ದೆವ್ವದ ವೇಷ ಹಾಕಿ ದಾರಿಹೋಕರನ್ನು, ಆಟೊದವರನ್ನು ಹೆದರಿಸಿ ಯೂಟ್ಯೂಬಿಗೆ ವಿಡಿಯೊ ಮಾಡುತ್ತಿದ್ದ ಏಳು ಯುವಕರನ್ನು ಸೋಲದೇವನಹಳ್ಳಿ ಪೊಲೀಸರು ಬಂಧಿಸಿ ಜಾಮೀನಿನ ಮೇಲೆ ಬಿಟ್ಟರು. ಸಾರ್ವಜನಿಕರಿಗೆ ಅದು ಸರಿ ಎಂದೇ ಕಂಡಿತು. ರಸ್ತೆಯಲ್ಲಿ ಆಟೊದವನು ಗಾಬರಿಯಾಗಿ ಹ್ಯಾಂಡಲ್ ತಿರುಗಿಸಿದರೆ ಏನಾಗಬಹುದೆಂದು ಎಲ್ಲರಿಗೂ ಅರ್ಥವಾಯಿತು. ಅದೇ ವೇಷ ಫೋನಿನೊಳಗಿನಿಂದ ಎದ್ದುಬಂದು ಮುದುಕಿಯೊಬ್ಬರ ಕೈ ಮುರಿದರೆ ಅದು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಭಯದ ರಸವನ್ನೇ ದೂರುತ್ತಿದ್ದೇನೆ ಎಂದು ದಯವಿಟ್ಟು ತಿಳಿಯಬೇಡಿ. ನಮ್ಮದು ಬಯಲಾಟ ನೋಡಿ ಬೆಳೆದ ಸೀಮೆ. ಯಕ್ಷಗಾನದಲ್ಲಿ ಬಣ್ಣದ ವೇಷ ಬರುವುದನ್ನು ನೋಡಿದವರಿಗೆ ಭಯದ ಸುಖ ಏನೆಂದು ಹೇಳಿಕೊಡಬೇಕಾಗಿಲ್ಲ. ಚೆಂಡೆಯ ಪೆಟ್ಟು ಬದಲಾಗುತ್ತದೆ, ಹಿಡಿದ ತೆರೆ ಅಲುಗುತ್ತದೆ, ಅದರ ಹಿಂದಿನಿಂದ ಅಟ್ಟಹಾಸ ಕೇಳುತ್ತದೆ, ದೊಂದಿಗೆ ಎರಚಿದ ರಾಳ ಭಗ್ಗೆಂದು ಹೊತ್ತಿಕೊಳ್ಳುತ್ತದೆ. ಮುಂದಿನ ಸಾಲಿನ ಮಕ್ಕಳು ಅಮ್ಮನ ಸೆರಗಿನೊಳಗೆ ಮುಖ ಹುದುಗಿಸುತ್ತಾರೆ, ಒಂದು ಕಣ್ಣು ಮಾತ್ರ ಹೊರಗಿರುತ್ತದೆ. ರಾಕ್ಷಸ ಬರುತ್ತಾನೆ ಎಂದು ರಂಗಸ್ಥಳ ಅವರಿಗೆ ಮೊದಲೇ ತಿಳಿಸಿರುತ್ತದೆ. ಸೆರಗೊಳಗೆ ಹೋಗುವುದಕ್ಕೂ ಕಣ್ಣು ಹೊರಗಿಡುವುದಕ್ಕೂ ಅವರಿಗೆ ಸಮಯವಿರುತ್ತದೆ. 1979ರಲ್ಲಿ ‘ನಾ ನಿನ್ನ ಬಿಡಲಾರೆ’ ಎಂಬ ದೆವ್ವದ ಸಿನಿಮಾ ಬಂದಾಗ ಜನ ಹೆದರುವುದಕ್ಕೆಂದೇ ಟಿಕೆಟ್ ಕೊಂಡು ಹೋದರು. ಈಗಂತೂ 2023ರ ತಿದ್ದುಪಡಿಯ ನಂತರ ಸಿನಿಮಾಗಳಿಗೆ ಏಳು, ಹದಿಮೂರು, ಹದಿನಾರು ವರ್ಷ ಎಂದು ಬೇರೆಬೇರೆ ಪ್ರಮಾಣಪತ್ರ ಕೊಡುತ್ತಾರೆ. ಥಿಯೇಟರಿನ ಭಯಕ್ಕೆ ಇಷ್ಟು ಲೇಬಲ್ ಇದೆ, ದೇವಿಯ ಫೋಟೊ ಎಂದು ಸುಳ್ಳು ಹೇಳಿ ಏಳು ವರ್ಷದ ಮಗುವಿನ ಕೈಗೂ ಎಪ್ಪತ್ತು ದಾಟಿದವರ ಕೈಗೂ ಕೊಡುವ ಭಯಕ್ಕೆ ಒಂದೂ ಇಲ್ಲ.

ಹಳ್ಳಿಯ ಹಿರಿಯರಿಗೆ ಈ ವಿವೇಕ ಇತ್ತು. ಕತ್ತಲಲ್ಲಿ ಒಬ್ಬರ ಅಂಗಳಕ್ಕೆ ಹೋಗುವಾಗ ಕೆಮ್ಮಿ ಹೋಗುತ್ತಿದ್ದರು. ಬಸುರಿ ಹೆಂಗಸಿನ ಹಿಂದೆ ಸದ್ದಿಲ್ಲದೆ ಹೋಗಿ ನಿಂತವರಿಗೆ ಬೈಗುಳ ತಪ್ಪುತ್ತಿರಲಿಲ್ಲ. ಮಗು ಹೆದರಿಕೊಂಡಿದೆ ಎಂದರೆ ದೃಷ್ಟಿ ತೆಗೆದು, ಅಂತ್ರ ಕಟ್ಟಿಸಿ, ರಾತ್ರಿ ಪಕ್ಕದಲ್ಲಿ ಮಲಗಿಸಿಕೊಳ್ಳುತ್ತಿದ್ದರು. ಅಂತ್ರದಲ್ಲಿ ನನಗೆ ನಂಬಿಕೆಯಿಲ್ಲ, ಆದರೆ ಹೆದರಿದ ಮಗುವಿಗೆ ಆರೈಕೆ ಬೇಕು ಎಂಬ ಅವರ ತಿಳಿವಳಿಕೆಯನ್ನು ಗೌರವಿಸುತ್ತೇನೆ.

ಈಗ ಹೆದರಿದ ಮಗುವಿಗೆ ಕ್ಯಾಮೆರಾ ಹಿಡಿಯುತ್ತಾರೆ. 2006ರಲ್ಲಿ ಯೂಟ್ಯೂಬಿಗೆ ಬಂದ ಒಂದು ವಿಡಿಯೊದಲ್ಲಿ ಪುಟ್ಟ ಹುಡುಗನೊಬ್ಬ ಮೊದಲು ಹೇಳಿದ ಆ ಮೇಜ್ ಆಟವನ್ನೇ ಆಡುತ್ತಿರುತ್ತಾನೆ. ಮುಖ ಎದ್ದು ಬಂದ ಕ್ಷಣ ಮಾನಿಟರಿಗೆ ಹೊಡೆದು, ಬಿಕ್ಕಿಬಿಕ್ಕಿ ಅಳುತ್ತಾನೆ. ಅದನ್ನು ಲಕ್ಷಾಂತರ ಜನ ನೋಡಿ ನಕ್ಕರು. ಅಲ್ಲಿಂದ ಮುಂದೆ ಹೀಗೆ ಬೆಚ್ಚಿದವರ ವಿಡಿಯೊ ಮಾಡುವುದೇ ಒಂದು ಕಸುಬಾಗಿದೆ.

ನಾನು ಪಾಠ ಮಾಡುವ ಏಳನೇ ತರಗತಿಯಲ್ಲಿ ಹಿಂದಿನ ವರ್ಷ ಒಬ್ಬ ಹುಡುಗಿ ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದಳು. ಓದು ಎಂದರೆ ಎದ್ದು ನಿಂತು ನೆಲ ನೋಡುತ್ತಿದ್ದಳು. ವಿಚಾರಿಸಿದರೆ ತಿಳಿದದ್ದು ಇದು: ಅಣ್ಣ ಅವಳಿಗೆ ಒಗಟಿನ ಲಿಂಕ್ ಕೊಟ್ಟು, ಅವಳು ಚೀರಿ ಅಳುವುದನ್ನು ರೀಲ್ ಮಾಡಿ ಹಾಕಿದ್ದ. ಹೆದರಿಕೆಗೆ ಅವಳ ಲಂಗ ಒದ್ದೆಯಾದದ್ದೂ ಅದರಲ್ಲಿ ಕಾಣುತ್ತಿತ್ತು. ಶಾಲೆಯ ಹುಡುಗರು ಊಟದ ಬಿಡುವಿನಲ್ಲಿ ಅವಳ ಅಳುವನ್ನು ಅಣಕಿಸುತ್ತಿದ್ದರು. ಮನೆಯವರನ್ನು ಕರೆಸಿ ಮಾತಾಡಿದ ಮೇಲೆ ಅಣ್ಣ ತನ್ನ ರೀಲ್ ಅಳಿಸಿದ. ಅಷ್ಟರಲ್ಲಿ ಹಾಸ್ಯದ ಪೇಜೊಂದು ಅದನ್ನು ಎತ್ತಿಕೊಂಡು, ಮೇಲೆ ನಗುವಿನ ಸದ್ದು ಸೇರಿಸಿ ಹಾಕಿಕೊಂಡಿತ್ತು. ನಾನು ಆರಂಭದಲ್ಲಿ ಹೇಳಿದ ದೂರು ಕೊಟ್ಟದ್ದು ಆ ಪೇಜಿನ ಮೇಲೆ. ಫಾರಂನಲ್ಲಿ ನಗ್ನತೆ, ದ್ವೇಷ, ವಂಚನೆ, ಸ್ಪ್ಯಾಮ್, ಹಕ್ಕುಸ್ವಾಮ್ಯ ಎಲ್ಲಕ್ಕೂ ಕಲಂ ಇತ್ತು. ಒಂದು ಮಗುವನ್ನು ಬೇಕೆಂದೇ ಹೆದರಿಸಿ ಅದರ ಅಳುವನ್ನು ಹಂಚಿದ್ದಾರೆ ಎಂದು ಹೇಳಲು ಕಲಂ ಇರಲಿಲ್ಲ. ಹತ್ತಿರದ್ದೆಂದು ಕಿರುಕುಳದ ಕಲಂ ಒತ್ತಿದೆ. ಉಲ್ಲಂಘನೆ ಇಲ್ಲ ಎಂಬ ಉತ್ತರ ಬಂತು.

ಇದು ನಿಮ್ಮ ಕೈಯಲ್ಲಿ ಆಗದ ಕೆಲಸವೇನಲ್ಲ. ಮಕ್ಕಳಿಗೆ ತೀವ್ರ ಮಾನಸಿಕ ಯಾತನೆ ಕೊಡುವ ಪ್ರಾಂಕ್‌ಗಳನ್ನು ಯೂಟ್ಯೂಬ್ 2019ರ ಜನವರಿಯಲ್ಲಿ ನಿಷೇಧಿಸಿತು. ಅದೇ ವರ್ಷದ ಕೊನೆಗೆ ಕಿಡಿಗೇಡಿಗಳು ಅಪಸ್ಮಾರ ಇರುವವರನ್ನು ಗುರಿಮಾಡಿ ಮಿಂಚುವ ಚಿತ್ರ ಕಳಿಸಿದ ಮೇಲೆ ಟ್ವಿಟರ್ ಆ ಮಾದರಿಯ ಚಲಿಸುವ ಚಿತ್ರಗಳನ್ನೇ ನಿಲ್ಲಿಸಿತು. ಪುಟ ತೆರೆದೊಡನೆ ತಾನೇ ಅರಚುವ ವಿಡಿಯೊಗಳಿಗೆ ಕ್ರೋಮ್ ಬ್ರೌಸರ್ 2018ರಲ್ಲಿ ತಡೆ ಹಾಕಿತು. ಇಲ್ಲಿ ಒತ್ತಿ, ಬೆರಳಿಡಿ ಎಂದು ಈ ಲಿಂಕ್‌ಗಳು ಕೇಳುವುದರಿಂದ ಆ ತಡೆಯೂ ತಪ್ಪಿಹೋಗುತ್ತದೆ, ಏಕೆಂದರೆ ಒಮ್ಮೆ ಮುಟ್ಟಿದರೆ ಶಬ್ದಕ್ಕೆ ಒಪ್ಪಿದಂತೆ ಎಂದು ಬ್ರೌಸರ್ ತಿಳಿಯುತ್ತದೆ. 2018ರ ಜುಲೈನಲ್ಲಿ ಮಕ್ಕಳ ಕಳ್ಳರೆಂಬ ವದಂತಿಗೆ ನಮ್ಮ ರಾಜ್ಯದ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಅಮಾಯಕನೊಬ್ಬನನ್ನು ಗುಂಪು ಹೊಡೆದು ಕೊಂದಿತು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಮ್ಮೆಗೆ ಐದು ಚಾಟ್‌ಗಳಿಗಷ್ಟೇ ಫಾರ್ವರ್ಡ್ ಎಂಬ ಮಿತಿ ಹೇರುವುದಾಗಿ ಪ್ರಕಟಿಸಿತು. ಮನಸ್ಸು ಮಾಡಿದರೆ ವಾರದಲ್ಲಿ ಆಗುತ್ತದೆ.

ಹೊಸ ಕಾನೂನು ಬೇಕೆಂದು ನಾನು ಸರ್ಕಾರವನ್ನು ಕೇಳುತ್ತಿಲ್ಲ. ಕಿರಿಕಿರಿಯಾಗುವ ಸಂದೇಶ ಕಳಿಸಿದ್ದಕ್ಕೇ ಜೈಲಿಗೆ ಹಾಕಬಹುದಾಗಿದ್ದ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ರದ್ದು ಮಾಡಿತು, ಮಾಡಿದ್ದು ಸರಿ. ತಮಾಷೆ ಮಾಡಿದ ಹುಡುಗರ ಹಿಂದೆ ಪೊಲೀಸರನ್ನು ಅಟ್ಟುವುದು ನನಗೆ ಬೇಡ. ನಮ್ಮ ಹುಡುಗ ಕಾಲು ಹಿಡಿದು ಅತ್ತದ್ದೇ ನಮಗೆ ಸಾಕು. ನಾನು ಕೇಳುತ್ತಿರುವುದು ನಿಮ್ಮಿಂದ.

ದೂರಿನ ಫಾರಂನಲ್ಲಿ, ಕನ್ನಡದಲ್ಲಿಯೇ, ಒಂದು ಕಲಂ ಸೇರಿಸಿ: ಸುಳ್ಳು ಹೇಳಿ ತೆರೆಸಿ ಬೆಚ್ಚಿಬೀಳಿಸುತ್ತದೆ. ಒಂದಷ್ಟು ಜನ ಹಾಗೆ ಗುರುತು ಮಾಡಿದ ಲಿಂಕ್ ಮತ್ತೆ ಯಾರ ಫೋನಿಗೆ ಹೋದರೂ, ಇದರಲ್ಲಿ ಏಕಾಏಕಿ ಜೋರು ಶಬ್ದ ಮತ್ತು ಭಯಾನಕ ಚಿತ್ರ ಇದೆ ಎಂಬ ಪಟ್ಟಿ ಅದರ ಮೇಲೆ ಕಾಣಲಿ. ಆಗಲೂ ನೋಡಬೇಕೆನ್ನುವವರು ನೋಡಲಿ, ಅದು ಅವರಿಷ್ಟ. ಮಿಂಚುವ ಚಿತ್ರಗಳು ತಾವಾಗಿ ಚಲಿಸದಂತೆ ಎಲ್ಲ ಫೋನುಗಳಲ್ಲೂ ಮೊದಲಿನಿಂದಲೇ ಇರಲಿ, ಬೇಕಾದವರು ತೆರೆದುಕೊಳ್ಳಲಿ. ಈಗ ಆ ಸೆಟ್ಟಿಂಗ್ ಇದ್ದರೂ ಅದನ್ನು ಹುಡುಕಿ ಬದಲಿಸುವ ಹೊರೆ ರೋಗಿಯ ಮೇಲೆಯೇ ಬಿದ್ದಿದೆ.

ಬೆಚ್ಚಿದವರ ವಿಡಿಯೊ ವಿಷಯದಲ್ಲಿ ತೀರ್ಮಾನ ಅದರಲ್ಲಿ ಕಾಣುವವರದಾಗಬೇಕು. ಹಾಕಿದವರು ಯಾರೇ ಇರಲಿ, ಅದರಲ್ಲಿರುವವರು ತೆಗೆಯಿರಿ ಎಂದರೆ ತೆಗೆಯಬೇಕು, ಮಗುವಾದರೆ ಪೋಷಕರೋ ಶಿಕ್ಷಕರ ಮೂಲಕ ಮಗುವೋ ಕೇಳಿದರೆ ಸಾಕಾಗಬೇಕು. ಒಂದು ಪೇಜಿನಿಂದ ತೆಗೆದದ್ದು ಇನ್ನೊಂದು ಪೇಜಿನಲ್ಲಿ ಉಳಿಯಬಾರದು. ನಕಲು ಹುಡುಕುವುದು ಕಷ್ಟ ಎನ್ನಬೇಡಿ. ಹಾಡು ಮತ್ತು ಸಿನಿಮಾ ತುಣುಕುಗಳ ನಕಲನ್ನು ತಾನಾಗಿಯೇ ಪತ್ತೆಹಚ್ಚುವ ವ್ಯವಸ್ಥೆಯನ್ನು ಯೂಟ್ಯೂಬ್ 2007ರಲ್ಲೇ ತಂದಿದೆ. ನಮ್ಮ ಶಾಲೆಯ ವಾರ್ಷಿಕೋತ್ಸವದ ನೃತ್ಯದ ವಿಡಿಯೊ ಹಾಕಿದಾಗ ಹಿನ್ನೆಲೆಯ ಚಿತ್ರಗೀತೆಯನ್ನು ಗುರುತಿಸಿ ನಿಮಿಷದೊಳಗೆ ನೋಟಿಸ್ ಬಂದಿತ್ತು. ಕಂಪನಿಯ ಹಾಡನ್ನು ಹುಡುಕಿಕೊಡುವ ಯಂತ್ರ ಒಂದು ಮಗುವಿನ ಅಳುವನ್ನೂ ಹುಡುಕಿಕೊಡಬಲ್ಲದು.

ನಮ್ಮ ಅತ್ತೆ ಈಗ ಫೋನಿಗೆ ಬಂದ ಯಾವುದನ್ನೂ ತಾವಾಗಿ ತೆರೆಯುವುದಿಲ್ಲ. ಮರಿಮಗುವಿನ ನಾಮಕರಣದ ವಿಡಿಯೊ ಬಂದರೂ, ‘ನೀ ಮೊದ್ಲು ನೋಡಿ ಕೊಡು ಮಾರಾಯ್ತಿ’ ಎಂದು ನನ್ನ ಕೈಗೆ ಕೊಡುತ್ತಾರೆ. ಹಿರಿಯರು ಡಿಜಿಟಲ್ ಸೇವೆ ಕಲಿಯಬೇಕು, ಪಿಂಚಣಿ, ಪಡಿತರ ಎಲ್ಲ ಫೋನಿನಲ್ಲೇ ನೋಡಿಕೊಳ್ಳಬೇಕು ಎಂದು ಊರೂರಿಗೆ ಬಂದು ಹೇಳುತ್ತಾರೆ. ಒಂದು ಸಂಜೆಯ ನಗುವಿಗಾಗಿ ಅಷ್ಟೂ ಕಲಿಕೆಯನ್ನು ಕಿತ್ತುಕೊಂಡಂತಾಯಿತು. ಮುರಿದ ಎಲುಬಿಗಿಂತ ಇದನ್ನು ನಾನು ದೊಡ್ಡ ನಷ್ಟವೆಂದು ಎಣಿಸುತ್ತೇನೆ.

ನಿಮ್ಮ ನಿರ್ಧಾರ ಒಪ್ಪಿಗೆಯಾಗದಿದ್ದರೆ ಕೇಂದ್ರ ಸರ್ಕಾರ 2023ರಲ್ಲಿ ರಚಿಸಿದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಹೋಗಬಹುದೆಂದು ತಿಳಿದಿದ್ದೇನೆ. ಅಲ್ಲಿಗೆ ಹೋಗುವ ಮೊದಲು ನಿಮಗೇ ಇನ್ನೊಮ್ಮೆ ಬರೆಯುತ್ತಿದ್ದೇನೆ. ಆ ಹುಡುಗಿಯ ವಿಡಿಯೊದ ನಕಲು ಇದನ್ನು ಬರೆಯುವ ಹೊತ್ತಿಗೂ ಆ ಪೇಜಿನಲ್ಲಿದೆ. ಅದರ ವಿಳಾಸವನ್ನು ಇಲ್ಲಿ ಅಚ್ಚು ಮಾಡಿಸುವುದಿಲ್ಲ, ಸಂಬಂಧಪಟ್ಟ ಅಧಿಕಾರಿಗೆ ಇಮೇಲಿನಲ್ಲಿ ಬೇರೆಯಾಗಿ ಕಳಿಸಿದ್ದೇನೆ. ಉಳಿದ ಬೇಡಿಕೆಗಳಿಗೆ ಸಭೆ, ಚರ್ಚೆ, ಸಮಯ ಬೇಕಾಗಬಹುದು. ಆ ವಿಡಿಯೊವನ್ನು ಮಾತ್ರ ಇವತ್ತೇ ತೆಗೆಯಿರಿ.

ಇಂತಿ,
ಒಬ್ಬ ಶಾಲಾ ಶಿಕ್ಷಕಿ
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ